ಬನವಾಸಿಗೆ ಅರ್ಧ ದಿನ ಸಾಕೇ? ಅಲ್ಲಿ ಕೋಟೆ ಎಲ್ಲಿದೆ?

ಕಾಳಿ ದಂಡೆ (ಕಾರವಾರ)

ಎಲ್ಲರಿಗೂ ನಮಸ್ಕಾರ. ಎಷ್ಟೋ ವರ್ಷಗಳಿಂದ ನೌಕಾನೆಲೆಯ 'ಐಎನ್‌ಎಸ್ ಕದಂಬ' ಎಂಬ ಹೆಸರನ್ನು ದಿನಾ ನೋಡುತ್ತ ಕೆಲಸಕ್ಕೆ ಹೋಗುವವನು ನಾನು. ಆ ಹೆಸರಿನ ಅರಸರು ಆಳಿದ ಊರು ನಮ್ಮದೇ ಜಿಲ್ಲೆಯಲ್ಲಿದೆ. ಆದರೂ ಇದುವರೆಗೆ ಅತ್ತ ಕಾಲಿಟ್ಟಿಲ್ಲ. ಈಗ ತಪ್ಪಿಸಿಕೊಳ್ಳುವಂತಿಲ್ಲ. ಮಗಳು ಏಳನೆಯ ತರಗತಿ. ಪಾಠದಲ್ಲಿ ಕದಂಬರು ಬಂದಿದ್ದಾರೆ, ಊಟಕ್ಕೆ ಕೂತಾಗಲೆಲ್ಲ ನನಗೇ ಪರೀಕ್ಷೆ. ಅಪ್ಪ ನಿವೃತ್ತ ಕನ್ನಡ ಮಾಸ್ತರರು, ವಯಸ್ಸು 78, ಮೊಣಕಾಲು ನೋವು, ಕೋಲಿಲ್ಲದೆ ಹೊಸ್ತಿಲು ದಾಟುವುದಿಲ್ಲ. ಜೊತೆಗೆ ಅಕ್ಕನ ಗಂಡ. ಭಾವ ರಾಜಸ್ಥಾನಕ್ಕೆ ಹೋಗಿ, ಜೈಸಲ್ಮೇರಿನ ಕೋಟೆಯೊಳಗೆ ಇಂದಿಗೂ ಜನ ಸಂಸಾರ ಮಾಡುವುದನ್ನು ನೋಡಿ ಬಂದವರು. "ನಿಮ್ಮ ಬನವಾಸಿಯೂ ಕೋಟೆಯೊಳಗಿನ ಊರಂತೆ, ತೋರಿಸು ನೋಡೋಣ" ಎಂದಿದ್ದಾರೆ. ಭಾವನ ಸವಾಲು ಎಂದರೆ ಏನೆಂದು ನಿಮಗೆ ಗೊತ್ತಿರಬಹುದು.

ಭಾನುವಾರ ಬೆಳಗಿನ ಜಾವ ಹೊರಟು ರಾತ್ರಿಯೊಳಗೆ ಮನೆ ಸೇರಬೇಕು. ಬನವಾಸಿಗೆ ಅರ್ಧ ದಿನ ಸಾಕೇ? ಅಪ್ಪನಿಗೆ ಎಷ್ಟು ನಡಿಗೆ ಬೀಳುತ್ತದೆ? ಎಲ್ಲಕ್ಕಿಂತ ಮುಖ್ಯವಾಗಿ, ಆ ಕೋಟೆ ಎಲ್ಲಿದೆ? ಮೊಬೈಲಿನಲ್ಲಿ ಹುಡುಕಿದರೆ ದೇವಸ್ಥಾನದ ಚಿತ್ರಗಳೇ ಬರುತ್ತವೆ.

ತಿರುವಿನ ಚಹಾ (ಕುಮಟಾ)

ಅರ್ಧ ದಿನ ಯಾಕೆ, ಮುಕ್ಕಾಲು ಗಂಟೆ ಸಾಕು. ದೇವಸ್ಥಾನ, ನಂದಿ, ಕಲ್ಲಿನ ಮಂಚ, ಹಣ್ಣುಕಾಯಿ, ಮುಗಿಯಿತು. ಉಳಿದ ಹೊತ್ತಿಗೆ ಜೋಗಕ್ಕೆ ಹೋಗಿ. ಕೋಟೆ ಎಂದು ಹುಡುಕಿಕೊಂಡು ಹೋದರೆ ಸಿಗುವುದು ಒಂದು ದಿಬ್ಬ, ದಿಬ್ಬದ ಮೇಲೆ ಹುಲ್ಲು, ಹುಲ್ಲಿನ ಮೇಲೆ ಎಮ್ಮೆ. ಕಂಡದ್ದನ್ನು ಹೇಳಿದ್ದೇನೆ, ಬೈಯಬೇಡಿ.

ವರದೆಯ ಬದಿ (ಬನವಾಸಿ)

ಆ ಎಮ್ಮೆ ನಮ್ಮದೇ ಇರಬೇಕು.

ಕಾರವಾರದ ತಮ್ಮನವರೇ, ನಾನು ಈ ಊರಿಗೆ ಮದುವೆಯಾಗಿ ಬಂದು ಮೂವತ್ತೊಂದು ವರ್ಷವಾಯಿತು. ಬಂದವರೆಲ್ಲ ಮಾಡುವ ತಪ್ಪು ಒಂದೇ. ಗಾಡಿಯನ್ನು ದೇವಸ್ಥಾನದ ಎದುರಿಗೆ ತಂದು ನಿಲ್ಲಿಸುತ್ತಾರೆ, ಒಳಗೆ ಹೋಗುತ್ತಾರೆ, ಹೊರಗೆ ಬಂದು ಎಳನೀರು ಕುಡಿದು ಗಾಡಿ ತಿರುಗಿಸುತ್ತಾರೆ. ಅವರು ನೋಡಿದ್ದು ಮಧುಕೇಶ್ವರನನ್ನು, ಬನವಾಸಿಯನ್ನಲ್ಲ. ನೀವು ಕೋಟೆಯನ್ನು ಕೇಳಿದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ. ಈ ಪ್ರಶ್ನೆ ಕೇಳುವವರು ವರ್ಷಕ್ಕೆ ನಾಲ್ಕು ಜನ ಸಿಕ್ಕರೆ ಹೆಚ್ಚು.

ಕೋಟೆ ಇದೆ. ಆದರೆ ಎದ್ದು ನಿಂತಿಲ್ಲ, ಮಲಗಿದೆ. ಊರಿನ ಅಂಚಿಗೆ ಹೋದಾಗ ನೆಲ ಇದ್ದಕ್ಕಿದ್ದಂತೆ ಏರಿ ಆಚೆ ಬದಿ ಇಳಿಯುವ ಜಾಗಗಳಿವೆ. ಆ ಏರು ಗೋಡೆ, ಇಳಿಜಾರಿನಾಚೆಯ ತಗ್ಗು ಕಂದಕ. ಮಣ್ಣು ಕುಸಿದ ಕಡೆ ಇಟ್ಟಿಗೆಯ ಸಾಲು ಕಾಣಿಸುತ್ತದೆ. ಈಗಿನ ಇಟ್ಟಿಗೆಯಲ್ಲ, ಮೊಳದುದ್ದದ್ದು. ನಮ್ಮ ಮಾವನವರ ಹಳೆಯ ಕೊಟ್ಟಿಗೆ ಕೀಳಿಸುವಾಗ ಬುಡದಲ್ಲಿ ಅಂಥವೇ ಸಿಕ್ಕವು. ಯಾರು ಯಾವಾಗ ಎಲ್ಲಿಂದ ತಂದಿದ್ದರೋ ಕೇಳಲು ಹೋಗಬೇಡಿ. ಗೋಡೆ ಮಾಯವಾಗುವುದು ಹೀಗೆಯೇ. ಶತ್ರು ಕೆಡವಿದ್ದಕ್ಕಿಂತ ಕೊಟ್ಟಿಗೆ ಕಟ್ಟುವವರು ಒಯ್ದದ್ದೇ ಹೆಚ್ಚಿರಬಹುದು.

ನೀವು ಮೊದಲು ನದಿಗೆ ಬನ್ನಿ. ದೇವಸ್ಥಾನ ಎಲ್ಲಿಗೂ ಓಡಿ ಹೋಗುವುದಿಲ್ಲ.

ಶಾಸನದ ಮಾಸ್ತರು (ಶಿರಸಿ)

ಅಕ್ಕನವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆ. ಕಾರಣವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಚಹಾದವರು ಬೇಕಾದರೆ ಕೆಳಗಿಳಿದು ಹೋಗಬಹುದು.

ಐಹೊಳೆಯ ಮೇಗುತಿ ಗುಡಿಯ ಗೋಡೆಯಲ್ಲಿ ಕ್ರಿ.ಶ. 634ರ ಶಾಸನವಿದೆ. ರಚಿಸಿದವನು ರವಿಕೀರ್ತಿ. ಇಮ್ಮಡಿ ಪುಲಿಕೇಶಿಯ ದಂಡಯಾತ್ರೆಗಳನ್ನು ಹೇಳುತ್ತ ಹೋಗುವಾಗ ಅವನು ಬನವಾಸಿಗೆ ಒಂದು ಪದ್ಯ ಮೀಸಲಿಟ್ಟಿದ್ದಾನೆ. ಅದರ ಸಾರ ಹೀಗಿದೆ: ವರದೆಯ ಅಲೆಗಳ ಮೇಲೆ ಆಡುವ ಹಂಸಗಳ ಸಾಲೇ ಈ ಊರಿನ ಒಡ್ಯಾಣ, ಸಿರಿಯಲ್ಲಿ ಇದು ದೇವನಗರಿಗೆ ಸಾಟಿ, ಪುಲಿಕೇಶಿಯ ಸೇನೆ ಸುತ್ತಲಿನ ನೆಲವನ್ನೆಲ್ಲ ಕಡಲಿನಂತೆ ಮುಚ್ಚಿದಾಗ, ನೆಲದ ಮೇಲಿದ್ದ ದುರ್ಗ ನೋಡುವವರ ಕಣ್ಣಿಗೆ ಜಲದುರ್ಗವಾಯಿತು. ಹೊಗಳಿದ್ದು ಗೆದ್ದವನನ್ನು, ನಿಜ. ಆದರೆ ಸೋತ ಊರನ್ನು ಇಷ್ಟು ಚೆಂದವಾಗಿ ಕಂಡ ಆಸ್ಥಾನ ಕವಿ ನನಗೆ ಬೇರೆ ಸಿಕ್ಕಿಲ್ಲ.

ಈ ಪದ್ಯವನ್ನು ಕೋಣೆಯಲ್ಲಿ ಕೂತು ಓದಿದರೆ ಅಲಂಕಾರ ಎನಿಸುತ್ತದೆ. ನದಿಯ ದಂಡೆಯಲ್ಲಿ ನಿಂತು ನೆನೆದರೆ ನಕ್ಷೆ ಎನಿಸುತ್ತದೆ. ವರದೆ ಊರನ್ನು ಮೂರು ಕಡೆಯಿಂದ ಬಳಸಿ ಹರಿಯುತ್ತಾಳೆ. ಅರ್ಧ ಕಾವಲನ್ನು ನದಿಯೇ ನೋಡಿಕೊಂಡಿದ್ದಾಳೆ, ಉಳಿದರ್ಧಕ್ಕೆ ಇಟ್ಟಿಗೆ ಮತ್ತು ಕಂದಕ. ನದಿ ಕೋಟೆಯ ಒಂದು ಭಾಗ ಎಂದು ನೋಡದಿದ್ದರೆ ಬನವಾಸಿಯಲ್ಲಿ ಕೋಟೆ ಕಾಣುವುದೇ ಇಲ್ಲ.

ವರದೆಯ ಬದಿ (ಬನವಾಸಿ)

ಮಾಸ್ತರರು ಹೇಳಿದ ಜಲದುರ್ಗ ನೋಡಲು ಪುಲಿಕೇಶಿ ಬರಬೇಕಾಗಿಲ್ಲ. ಆಷಾಢ, ಶ್ರಾವಣದಲ್ಲಿ ಮಳೆ ಬಿಡದೆ ಹಿಡಿದರೆ ವರದೆ ದಂಡೆ ಬಿಟ್ಟು ಗದ್ದೆಗೆ ಬರುತ್ತಾಳೆ. ನಾಟಿ ಮಾಡಿದ ಗದ್ದೆ ಮುಳುಗಿ, ಎಲ್ಲಿ ನೋಡಿದರೂ ಕೆಂಪು ನೀರು. ನಮ್ಮ ಊರು ಮಾತ್ರ ಮೇಲೆ ಉಳಿಯುತ್ತದೆ. ಇಲ್ಲಿ ಊರು ಕಟ್ಟಿದವರಿಗೆ ಎಷ್ಟು ಎತ್ತರದಲ್ಲಿ ಕಟ್ಟಬೇಕೆಂದು ಗೊತ್ತಿತ್ತು. ಸಸಿ ಕೊಳೆತ ಮೇಲೆ ಎರಡನೆಯ ಸಲ ನಾಟಿ ಮಾಡುವವರ ಕಷ್ಟ ಆ ಕವಿಗೆ ಗೊತ್ತಿರಲಿಲ್ಲ, ಅದು ಬೇರೆ ಮಾತು.

ಶರಾವತಿ ಆಚೆ (ಹೊನ್ನಾವರ)

ಕೋಟೆಯೊಳಗಿನ ಹಳೆಯ ನಗರ ಎಂದ ಕೂಡಲೇ ಎಲ್ಲರೂ ಘಟ್ಟ ಹತ್ತುತ್ತೀರಿ. ಗೇರುಸೊಪ್ಪದ ನಗರಬಸ್ತಿಕೇರಿಯನ್ನು ನೆನೆಯುವವರೇ ಇಲ್ಲವೇ? ಶರಾವತಿಯ ಆಚೆ ದಡದಲ್ಲಿ, ಕಾಡಿನೊಳಗೆ, ನಾಲ್ಕು ದಿಕ್ಕಿಗೂ ಬಾಗಿಲಿರುವ ಚತುರ್ಮುಖ ಬಸದಿ ಇದೆ. ಯಾವ ಬಾಗಿಲಲ್ಲಿ ನಿಂತರೂ ಒಬ್ಬ ತೀರ್ಥಂಕರ ನಿಮ್ಮನ್ನು ನೋಡುತ್ತಿರುತ್ತಾನೆ. ಹದಿನಾರನೆಯ ಶತಮಾನದಲ್ಲಿ ಚೆನ್ನಭೈರಾದೇವಿ ಆಳಿದ ಪಟ್ಟಣ ಅದು. ಪೋರ್ಚುಗೀಸರು ಆಕೆಯನ್ನು ಕಾಳುಮೆಣಸಿನ ರಾಣಿ ಎಂದು ಕರೆದದ್ದು ಪ್ರೀತಿಯಿಂದಲ್ಲ, ಆಕೆ ಹೇಳಿದ ಬೆಲೆ ಕೊಡಬೇಕಾಗಿ ಬಂದುದರಿಂದ ಎಂದು ನನ್ನ ಊಹೆ. ಒಂದು ಕಾಲದ ನಗರದಲ್ಲಿ ಈಗ ಮನುಷ್ಯರಿಗಿಂತ ಮರಗಳು ಹೆಚ್ಚು. ಭಾವನಿಗೆ ಅದನ್ನು ತೋರಿಸಿ, ಮಾತು ನಿಲ್ಲುತ್ತದೆ.

ತಿರುವಿನ ಚಹಾ (ಕುಮಟಾ)

78 ವರ್ಷದವರನ್ನು ಕೋಲು ಹಿಡಿಸಿಕೊಂಡು ಕಾಡಿಗೆ ಕರೆದೊಯ್ಯಲು ಹೇಳುತ್ತೀರಲ್ಲ ಸ್ವಾಮಿ.

ಶರಾವತಿ ಆಚೆ (ಹೊನ್ನಾವರ)

ಮುಕ್ಕಾಲು ಗಂಟೆಯಲ್ಲಿ ಎರಡು ಸಾವಿರ ವರ್ಷ ಮುಗಿಸುವವರಿಂದ ನಾನು ಸಲಹೆ ಕೇಳಿಲ್ಲ.

ನಿರ್ವಾಹಕ

ಇಬ್ಬರೂ ಸಾಕು. ಗೇರುಸೊಪ್ಪಕ್ಕೆ ಬೇರೆ ಚರ್ಚೆ ತೆರೆಯಿರಿ, ನಾನೂ ಬರುತ್ತೇನೆ. ಇಲ್ಲಿ ಬನವಾಸಿ.

ಘಟ್ಟದ ಗಾಡಿ (ಶಿರಸಿ)

ನಾನು ಬಾಡಿಗೆ ಗಾಡಿ ಓಡಿಸುವವನು, ಚರಿತ್ರೆ ನನಗೆ ಬೇಡ, ದಾರಿ ಹೇಳುತ್ತೇನೆ. ಕಾರವಾರದಿಂದ ಶಿರಸಿ ಸುಮಾರು 120 ಕಿ.ಮೀ., ಅಲ್ಲಿಂದ ಬನವಾಸಿ ಮತ್ತೆ 24. ಅಂಕೋಲಾ, ಕುಮಟಾ ದಾಟಿ ದೇವಿಮನೆ ಘಟ್ಟ ಹತ್ತುವುದು ನಿಮಗೆ ಸರಿ, ಆದರೆ ಘಟ್ಟದ ರಸ್ತೆ ಹೇಗಿದೆ ಎಂದು ಹಿಂದಿನ ದಿನವೇ ವಿಚಾರಿಸಿ. ಇಲ್ಲದಿದ್ದರೆ ಯಲ್ಲಾಪುರದ ಮೇಲೆ ಬನ್ನಿ. ಐದೂವರೆಗೆ ಹೊರಟರೆ ತಿಂಡಿ ಶಿರಸಿಯಲ್ಲಿ, ಹತ್ತರೊಳಗೆ ಬನವಾಸಿ.

ಒಂದು ಗುಟ್ಟು. ಹೆದ್ದಾರಿಯಲ್ಲಿ ಕುಮಟಾಕ್ಕೆ ಮೊದಲೇ ಮಿರ್ಜಾನ ಸಿಗುತ್ತದೆ. ಚಿರೇಕಲ್ಲಿನ ದೊಡ್ಡ ಕೋಟೆ, ಸುತ್ತ ಕಂದಕ, ಎತ್ತರದ ಬುರುಜು, ಎಲ್ಲ ಚಿತ್ರದಲ್ಲಿ ಇದ್ದಂತೆ. ಭಾವ "ಇಲ್ಲೇ ಇಳಿಯೋಣ" ಎನ್ನುತ್ತಾರೆ. ಇಳಿಯಬೇಡಿ. ಮಿರ್ಜಾನ ಮೊದಲು ನೋಡಿದವರಿಗೆ ಬನವಾಸಿಯ ಗೋಡೆ ಗೋಡೆಯಾಗಿ ಕಾಣುವುದಿಲ್ಲ. ವರ್ಷಗಟ್ಟಲೆ ಜನರನ್ನು ಕರೆದೊಯ್ದು ಕಲಿತ ಮಾತಿದು. ವಾಪಸ್ ಬರುವಾಗ ಬೆಳಕಿದ್ದರೆ ಮಿರ್ಜಾನ ತೋರಿಸಿ, ಸಂಜೆ ಬಾಗಿಲು ಹಾಕುತ್ತಾರೆ.

ಮುತ್ತಿನಕೆರೆ (ಸೋಂದಾ)

ಕದಂಬ, ಚಾಲುಕ್ಯ ಎಂದು ಎಲ್ಲರೂ ಮೇಲಿನವರ ಹೆಸರನ್ನೇ ಹೇಳಿದಿರಿ. ಬನವಾಸಿಯ ದೇವಸ್ಥಾನದಲ್ಲಿ ಜನ ಬಾಯಿ ತೆರೆದು ನೋಡುವ ವಸ್ತುಗಳನ್ನು ಕೊಟ್ಟವರು ನಮ್ಮ ಸೋದೆಯ (ಸೋಂದೆಯ) ಅರಸರು. ಕಲ್ಲಿನ ಮಂಚ ಅವರದು. ಮರದ ಮಂಚದ ಕಾಲು, ಗೂಟ, ಮೇಲ್ಕಟ್ಟು ಎಲ್ಲವನ್ನೂ ಕಲ್ಲಿನಲ್ಲಿ ಕಡೆದು ನಿಲ್ಲಿಸಿದ್ದಾರೆ. ತೇರೂ ಸೋದೆಯ ಕೊಡುಗೆಯೇ.

ಕಾರವಾರದವರಿಗೆ ಇನ್ನೊಂದು ಮಾತು. ನಿಮ್ಮ ಕಾಳಿ ನದಿಯ ಬಾಯಲ್ಲಿರುವ ಸದಾಶಿವಗಡ ಯಾರದು? ಸೋದೆಯ ಬಸವಲಿಂಗ ತಂದೆಯ ಹೆಸರಿಟ್ಟು ಕಟ್ಟಿಸಿದ ಕೋಟೆ. ಹೈದರಾಲಿ ಸೋದೆಯನ್ನು ಹಿಡಿದ ಮೇಲೆ ಆ ಮನೆತನ ಗೋವೆಗೆ ಹೋಗಿ ಪೋರ್ಚುಗೀಸರ ಆಶ್ರಯದಲ್ಲಿ ಉಳಿಯಿತು. ಹಾಗಾಗಿ ನೀವು ಬನವಾಸಿಗೆ ಹೋಗಿ ನೋಡುವ ಮಂಚವೂ ಮನೆಯ ಕಿಟಕಿಯಿಂದ ನೋಡುವ ಗುಡ್ಡದ ಕೋಟೆಯೂ ಒಂದೇ ಮನೆತನದ್ದು. ಮಗಳಿಗೆ ಇದನ್ನು ಹೇಳಿ. ದಾರಿಯಲ್ಲಿ ಸೋಂದೆಗೂ ಬನ್ನಿ ಎಂದು ಕರೆಯುವ ಆಸೆ ಇದೆ; ವಾದಿರಾಜರ ಮಠ, ಸ್ವರ್ಣವಲ್ಲಿ, ಜೈನ ಮಠ ಮೂರೂ ಒಂದೇ ಸುತ್ತಿನಲ್ಲಿವೆ. ಆದರೆ ಒಂದು ದಿನದಲ್ಲಿ ಎರಡು ರಾಜಧಾನಿ ತುರುಕಬೇಡಿ.

ಕಾಳಿ ದಂಡೆ (ಕಾರವಾರ)

ಸದಾಶಿವಗಡದ ಮಾತು ಓದಿ ಅಪ್ಪ ಎದ್ದು ಕೂತರು. ಅವರಿಗೆ ಬಸವಲಿಂಗನ ಹೆಸರು ಗೊತ್ತಿತ್ತಂತೆ. ಇಷ್ಟು ವರ್ಷ ನನಗೇಕೆ ಹೇಳಲಿಲ್ಲ ಎಂದು ಕೇಳಿದರೆ, "ನೀನು ಕೇಳಲಿಲ್ಲ" ಎಂದರು.

ದೇವಸ್ಥಾನದಲ್ಲಿ ತಪ್ಪದೆ ನೋಡಬೇಕಾದದ್ದು ಏನೇನು? ಪಟ್ಟಿ ಬೇಡ, ಪಟ್ಟಿ ಎಲ್ಲ ಕಡೆ ಸಿಗುತ್ತದೆ. ನಿಮಗೆ ಯಾವುದು ಮುಖ್ಯ ಎನ್ನುವುದನ್ನು ಹೇಳಿ.

ಭಟ್ಕಳದ ಬಂದರು

ಕಾಲೇಜಿನಿಂದ ಪ್ರವಾಸ ಹೋದಾಗ ನೋಡಿದ್ದೇನೆ. ನನಗೆ ನೆನಪಿರುವುದು ಕಡೆದು ನಯ ಮಾಡಿದ ಕಂಬಗಳು. ನಮ್ಮ ಮೇಷ್ಟ್ರು ಕಂಬದ ಎದುರು ಒಬ್ಬೊಬ್ಬರನ್ನೇ ನಿಲ್ಲಿಸಿ ಮುಖ ನೋಡಿಕೊಳ್ಳಲು ಹೇಳಿದ್ದರು. ಮಂಕಾಗಿ, ಸ್ವಲ್ಪ ಡೊಂಕಾಗಿ, ಆದರೆ ನನ್ನದೇ ಮುಖ. ನಮ್ಮಲ್ಲಿ ಕೆಲವರು ಹಿಂದೂಗಳಲ್ಲ. ಒಳಗೆ ಬರಬಹುದೇ ಎಂದು ಹೊಸ್ತಿಲಲ್ಲಿ ನಿಂತು ಕೇಳಿದೆವು. ಅಲ್ಲಿದ್ದ ಅಜ್ಜ ಒಬ್ಬರು "ಕಾಲು ತೊಳೆದು ಬನ್ನಿ, ಇನ್ನೇನು" ಎಂದರು. ಅಷ್ಟೇ.

ಶಾಸನದ ಮಾಸ್ತರು (ಶಿರಸಿ)

ನನ್ನನ್ನು ಕೇಳಿದರೆ ನಾಗಶಿಲೆ. ಐದು ಹೆಡೆಯ ನಾಗ, ಬದಿಯಲ್ಲಿ ಬ್ರಾಹ್ಮಿ ಅಕ್ಷರ, ಭಾಷೆ ಪ್ರಾಕೃತ. ಕದಂಬರಿಗಿಂತ ಹಿಂದಿನದು, ಇಲ್ಲಿ ಚುಟು ವಂಶದವರು ಆಳುತ್ತಿದ್ದ ಕಾಲದ್ದು. ಅರಸನ ಮಗಳೊಬ್ಬಳು ಒಂದು ನಾಗ, ಒಂದು ಕೆರೆ, ಒಂದು ವಿಹಾರ ಮಾಡಿಸಿದಳು ಎಂದು ಬರೆದಿದೆ. ವಿಹಾರ ಎಂದರೆ ಬೌದ್ಧ ಭಿಕ್ಷುಗಳ ನೆಲೆ. ಅದು ಈಗ ಶಿವನ ದೇವಸ್ಥಾನದ ಆವರಣದಲ್ಲಿದೆ, ಜನ ಅದಕ್ಕೆ ಅರಿಶಿನ ಕುಂಕುಮ ಹಚ್ಚುತ್ತಾರೆ. ನಮ್ಮ ನಾಡಿನ ಧರ್ಮದ ಚರಿತ್ರೆಯನ್ನು ಮೂರು ಸಂಪುಟ ಬರೆದು ಹೇಳುವುದಕ್ಕಿಂತ ಆ ಕಲ್ಲಿನ ಮುಂದೆ ಐದು ನಿಮಿಷ ನಿಲ್ಲಿಸುವುದು ಮೇಲು.

ಕೆತ್ತಿದವನ ಹೆಸರೂ ಅದರಲ್ಲಿದೆ. ನಟಕ. ಅವನ ಗುರುವಿನ ಹೆಸರೂ ಇದೆ. ಊರಿನ ಹೆಸರು ಜಯಂತಿ. ಬನವಾಸಿಗೆ ಜಯಂತಿಪುರ, ವೈಜಯಂತಿ ಎಂಬ ಹೆಸರುಗಳಿದ್ದವು. ಗ್ರೀಕ್ ಭೂಗೋಳಕಾರ ಟಾಲೆಮಿ ಕೂಡ ಎರಡನೆಯ ಶತಮಾನದಲ್ಲಿ ಈ ಊರನ್ನು ಹೆಸರಿಸಿದ್ದಾನೆ. ಅಂದರೆ ಕದಂಬ ರಾಜ್ಯ ಕಟ್ಟಿದ ಮಯೂರಶರ್ಮ ಹುಟ್ಟುವ ಮೊದಲೇ ಇದು ಹೆಸರಾದ ಪಟ್ಟಣ.

ಅಡಕೆ ಕೊಯ್ಲು (ಸಿದ್ದಾಪುರ)

ಮಯೂರವರ್ಮ ಅಲ್ಲವೇ?

ಶಾಸನದ ಮಾಸ್ತರು (ಶಿರಸಿ)

ಬಂತು ನೋಡಿ. ಶಿರಾಳಕೊಪ್ಪದ ಹತ್ತಿರ ತಾಳಗುಂದದ ಪ್ರಣವೇಶ್ವರ ಗುಡಿಯ ಮುಂದಿನ ಸ್ತಂಭದಲ್ಲಿ ಕುಬ್ಜನೆಂಬ ಕವಿಯ ಪದ್ಯಗಳಿವೆ, ಕದಂಬ ಶಾಂತಿವರ್ಮನ ಕಾಲದ್ದು. ಅಲ್ಲಿ ಇರುವುದು ಮಯೂರಶರ್ಮ. ಗುರು ವೀರಶರ್ಮನ ಜೊತೆ ಕಂಚಿಯ ಘಟಿಕೆಗೆ ವೇದಾಧ್ಯಯನಕ್ಕೆ ಹೋದವನು, ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾಗಿ, ದರ್ಭೆ ಸಮಿತ್ತು ಹಿಡಿದಿದ್ದ ಕೈಯಲ್ಲಿ ಕತ್ತಿ ಹಿಡಿದ. ಕೊನೆಗೆ ಪಲ್ಲವರೇ ಅವನನ್ನು ಒಪ್ಪಿಕೊಂಡು, ಪಡುವಣ ಕಡಲು ಎಲ್ಲೆಯಾಗುವಂತೆ ನಾಡು ಕೊಟ್ಟರು. ಕಾರವಾರದವರು ಆ ಎಲ್ಲೆಯ ಮೇಲೆಯೇ ಮನೆ ಕಟ್ಟಿಕೊಂಡಿದ್ದೀರಿ. ವರ್ಮ ಎಂಬುದು ನಂತರದವರು ಹಚ್ಚಿದ್ದು, ಅರಸನಿಗೆ ಒಪ್ಪುವ ಹೆಸರು ಬೇಕಲ್ಲ.

ಅಡಕೆ ಕೊಯ್ಲು (ಸಿದ್ದಾಪುರ)

ಹಾಗಾದರೆ ನಮ್ಮ ಹಿರಿಯರನ್ನು ಉತ್ತರ ಭಾರತದ ಅಹಿಚ್ಛತ್ರದಿಂದ ಕರೆತಂದದ್ದು ಯಾರು? ನಮ್ಮ ಅಜ್ಜ ಜಗುಲಿಯಲ್ಲಿ ಕೂತು ವೀಳ್ಯ ಹಾಕುವಾಗಲೆಲ್ಲ ಮಯೂರವರ್ಮನೇ ಎದುರಿಗೆ ಬಂದು ಕರೆದ ಹಾಗೆ ಹೇಳುತ್ತಿದ್ದರು.

ಶಾಸನದ ಮಾಸ್ತರು (ಶಿರಸಿ)

ನನ್ನ ಅಜ್ಜನೂ ಅದನ್ನೇ ಹೇಳುತ್ತಿದ್ದರು. ಕುಬ್ಜನ ಪದ್ಯಗಳಲ್ಲಿ ಆ ಕತೆ ಇಲ್ಲ, ಅದು ಬಹಳ ತಡವಾಗಿ ಬಂದದ್ದು. ಅಜ್ಜಂದಿರೊಡನೆ ವಾದ ಮಾಡುವ ಧೈರ್ಯ ನನಗೆ ಆಗಲೂ ಇರಲಿಲ್ಲ.

ಮುತ್ತಿನಕೆರೆ (ಸೋಂದಾ)

ದೇವಸ್ಥಾನದ ಬಗ್ಗೆ ಒಂದು ಎಚ್ಚರಿಕೆ. ಹಿಂದೊಮ್ಮೆ ನಮ್ಮ ನೆಂಟರಿಗೆ ಮಾರ್ಗದರ್ಶಿಯೊಬ್ಬ ಗಂಟು ಬಿದ್ದು, ಇಡೀ ದೇವಸ್ಥಾನವನ್ನು ಒಬ್ಬನೇ ಅರಸ ಒಂದೇ ರಾತ್ರಿಯಲ್ಲಿ ಕಟ್ಟಿಸಿದ ಎಂದು ಹೇಳಿ ಹಣ ತೆಗೆದುಕೊಂಡಿದ್ದ. ಗರ್ಭಗುಡಿಯಿಂದ ಹೊರಗೆ ಬರುತ್ತ ನೋಡಿ. ಒಳಗೆ ಬೋಳು ಕಲ್ಲು, ಅಲಂಕಾರವೇ ಇಲ್ಲ. ಹೊರಗಿನ ಮಂಟಪಕ್ಕೆ ಬರುವಾಗ ಕಡೆದ ಕಂಬ, ಹೂಬಳ್ಳಿ. ಇನ್ನೂ ಹೊರಗೆ ಬಂದರೆ ಪ್ರಾಕಾರದ ಸುತ್ತ ಅಷ್ಟದಿಕ್ಪಾಲಕರ ಗುಡಿಗಳು, ತ್ರಿಲೋಕ ಮಂಟಪ, ಮಂಚ. ಒಬ್ಬೊಬ್ಬರು ಒಂದೊಂದು ಕಾಲದಲ್ಲಿ ಸೇರಿಸುತ್ತ ಹೋಗಿದ್ದಾರೆ. ಹಳೆಯ ಮನೆಗೆ ಪ್ರತಿ ತಲೆಮಾರೂ ಒಂದು ಕೋಣೆ ಹೊಂದಿಸಿದ ಹಾಗೆ.

ನಂದಿ ಒಂದು ಕಣ್ಣಿನಲ್ಲಿ ಶಿವನನ್ನೂ ಇನ್ನೊಂದರಲ್ಲಿ ಪಾರ್ವತಿಯನ್ನೂ ನೋಡುತ್ತದೆ ಎಂದು ಎಲ್ಲರೂ ತೋರಿಸುತ್ತಾರೆ. ನಾನು ನಾಲ್ಕು ಸಲ ನಿಂತು ನೋಡಿದ್ದೇನೆ. ಒಂದು ಸಲ ಹೌದೆನಿಸಿತು. ಅರ್ಧ ಗಣಪತಿಯನ್ನೂ ನೋಡಿ, ಉಳಿದರ್ಧ ಕಾಶಿಯಲ್ಲಿದೆ ಎನ್ನುತ್ತಾರೆ.

ತಿರುವಿನ ಚಹಾ (ಕುಮಟಾ)

ಪಂಪ ಬನವಾಸಿಯನ್ನು ನೆನೆದ ಸಾಲನ್ನು ಇಷ್ಟು ಹೊತ್ತಾದರೂ ಯಾರೂ ಇಲ್ಲಿ ಬರೆದಿಲ್ಲ. ಇದೊಂದು ದಾಖಲೆ.

ಶಾಸನದ ಮಾಸ್ತರು (ಶಿರಸಿ)

ಬೇಕೆಂದೇ ಬರೆದಿಲ್ಲ. ಕದಂಬೋತ್ಸವದ ಕಮಾನಿನ ಮೇಲೆ ಓದಿದರೆ ಸಾಕು. ಬರೆದಿದ್ದರೆ ನೀವು "ಬಂತು ನೋಡಿ" ಎನ್ನುತ್ತಿದ್ದಿರಿ.

ವರದೆಯ ಬದಿ (ಬನವಾಸಿ)

ಗಂಡಸರ ಜಗಳ ಮುಗಿದಿದ್ದರೆ ನಾನು ದಾರಿ ಹೇಳುತ್ತೇನೆ. ಬಂದ ಕೂಡಲೇ ದೇವಸ್ಥಾನದ ಎದುರು ಇಳಿಯಬೇಡಿ. ನದಿಯ ಕಡೆಗೆ ಹೋಗುವ ದಾರಿ ಯಾರನ್ನು ಕೇಳಿದರೂ ತೋರಿಸುತ್ತಾರೆ. ನೀರಿನ ಹತ್ತಿರ ನಿಂತು ಊರಿನ ಕಡೆಗೆ ತಿರುಗಿ ನೋಡಿ. ಊರು ಮೇಲೆ, ನೀವು ಕೆಳಗೆ. ಮುತ್ತಲು ಬಂದವರಿಗೆ ಊರು ಹೀಗೆ ಕಂಡಿರುತ್ತದೆ. ಅಲ್ಲಿಂದ ದಿಬ್ಬದ ಗುಂಟ ನಿಧಾನವಾಗಿ ನಡೆದು ಊರಿನೊಳಗೆ ಬಂದು, ಕೊನೆಗೆ ದೇವಸ್ಥಾನ. ಹಾಗೆ ಬಂದಾಗ ದೇವಸ್ಥಾನ ಊರಿನ ನಡುವೆ ಇರುವುದು ಕಾಲಿಗೇ ತಿಳಿಯುತ್ತದೆ. ಅಪ್ಪನವರನ್ನು ನದಿಯ ಹತ್ತಿರದವರೆಗೆ ಗಾಡಿಯಲ್ಲೇ ಕರೆತನ್ನಿ. ದಿಬ್ಬ ಹತ್ತುವುದು ಬೇಡ, ಬುಡದಲ್ಲಿ ಒಂದು ಮರದ ನೆರಳು ನೋಡಿ ಕೂರಿಸಿ. ಇಟ್ಟಿಗೆ ಕಂಡರೆ ಮಕ್ಕಳು ಕೀಳದಂತೆ ನೋಡಿಕೊಳ್ಳಿ, ಇಷ್ಟಾದರೂ ಉಳಿಯಲಿ. ಹುಲ್ಲು ಎತ್ತರವಿರುವ ಕಡೆ ಕಾಲಿಡುವ ಮೊದಲು ನೆಲ ನೋಡಿ.

ಈಗ ಆಲೆಮನೆಯ ಕಾಲ. ದಾರಿಯಲ್ಲಿ ಬೆಲ್ಲದ ವಾಸನೆ ಬಂದರೆ ಗಾಡಿ ನಿಲ್ಲಿಸಿ. ಕಬ್ಬಿನ ಹಾಲು ಕೇಳಿದರೆ ಇಲ್ಲವೆನ್ನುವವರು ಈ ಕಡೆ ಇಲ್ಲ. ಅನಾನಸ್ ಬೇಕಾದರೆ ನಮ್ಮಲ್ಲೇ ಇದೆ.

ಅಡಕೆ ಕೊಯ್ಲು (ಸಿದ್ದಾಪುರ)

ಹೊತ್ತು ಉಳಿದರೆ ಗುಡ್ನಾಪುರದ ಕೆರೆಗೂ ಹೋಗಿ, ಹತ್ತಿರವೇ ಇದೆ. ಕದಂಬ ರವಿವರ್ಮ ಅಲ್ಲಿ ಕಾಮನಿಗೆ ಗುಡಿ ಕಟ್ಟಿಸಿ ವಸಂತದ ಹಬ್ಬ ನಡೆಸಿದ್ದಕ್ಕೆ ಕಂಬದ ಶಾಸನವಿದೆ. ಮನ್ಮಥನಿಗೆ ಗುಡಿ! ಆ ಕಾಲದ ಅರಸರಿಗೆ ಬಿಡುವಿತ್ತು.

ಕಾಳಿ ದಂಡೆ (ಕಾರವಾರ)

ಹೋಗಿ ಬಂದೆವು. ರಾತ್ರಿ ಹನ್ನೊಂದಾಗಿದೆ, ಆದರೂ ಬರೆಯದೆ ಮಲಗಲು ಮನಸ್ಸಿಲ್ಲ.

ಮಿರ್ಜಾನದ ಹತ್ತಿರ ಭಾವ "ಅದೇನು ಕೋಟೆ?" ಎಂದು ಕೇಳಿಯೇ ಕೇಳಿದರು. ಗಾಡಿಯವರ ಮಾತಿನಂತೆ ನಿಲ್ಲಿಸಲಿಲ್ಲ. ಬನವಾಸಿಗೆ ಹತ್ತೂಕಾಲಿಗೆ ತಲುಪಿ ನೇರವಾಗಿ ನದಿಗೆ ಹೋದೆವು. ಮಾಘದ ವರದೆ ತೆಳ್ಳಗೆ, ಸದ್ದಿಲ್ಲದೆ ಹರಿಯುತ್ತಿದ್ದಳು. ಇದು ಕೋಟೆ ಕಾಯುವ ನದಿಯೇ ಎಂದು ನನಗೇ ಅನುಮಾನ ಬಂತು. ಅಪ್ಪ ದಂಡೆಯ ಮರದ ಬೊಡ್ಡೆಯ ಮೇಲೆ, ನೀರು ನಿಂತು ಹೋದ ಗುರುತನ್ನು ಕೋಲಿನಿಂದ ತೋರಿಸಿದರು. ನನ್ನ ಎದೆಯ ಎತ್ತರಕ್ಕಿತ್ತು. ಭಾವ ಅದನ್ನು ನೋಡಿ, ಊರಿನ ಕಡೆ ನೋಡಿ, ಮತ್ತೆ ಅದನ್ನು ನೋಡಿದರು. ಏನೂ ಹೇಳಲಿಲ್ಲ.

ದಿಬ್ಬದ ಹತ್ತಿರ ಮಗಳು ಮೊದಲು ಇಟ್ಟಿಗೆ ಕಂಡುಹಿಡಿದಳು. ಬೇರುಗಳ ನಡುವೆ ಮೂರು ಸಾಲು, ಒಂದರ ಮೇಲೊಂದು. ತನ್ನ ಮೊಳಕೈ ಇಟ್ಟು ಅಳೆದಳು, ಇಟ್ಟಿಗೆಯೇ ಉದ್ದ. ಭಾವ ಮಂಡಿಯೂರಿ ಕೂತು ಮಣ್ಣು ಒರೆಸಿ ನೋಡಿದರು. "ಜೈಸಲ್ಮೇರಿನಲ್ಲಿ ಗೋಡೆ ನೋಡಲು ಕತ್ತು ಎತ್ತಬೇಕಿತ್ತು, ಇಲ್ಲಿ ಬಗ್ಗಬೇಕಾಯಿತು" ಎಂದರು. ಇದು ಹೊಗಳಿಕೆಯೋ ಕೊಂಕೋ ಇನ್ನೂ ಗೊತ್ತಾಗಿಲ್ಲ. ಆದರೆ ಆಮೇಲೆ ಗಂಟೆಗಟ್ಟಲೆ ಒಂದೂ ಸವಾಲು ಹಾಕಲಿಲ್ಲ ಎನ್ನುವುದನ್ನು ದಾಖಲಿಸುತ್ತೇನೆ.

ದೇವಸ್ಥಾನದಲ್ಲಿ ಮೂರು ಗಂಟೆ ಕಳೆದದ್ದು ತಿಳಿಯಲೇ ಇಲ್ಲ. ನಾಗಶಿಲೆಯ ಮುಂದೆ ಅಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಬ್ರಾಹ್ಮಿ ಅವರಿಗೆ ಓದಲು ಬರುವುದಿಲ್ಲ. ಆದರೂ ಅಕ್ಷರಗಳ ಮೇಲೆ, ಕಲ್ಲಿಗೆ ತಾಗಿಸದೆ, ಬೆರಳು ಆಡಿಸುತ್ತ ನಿಂತಿದ್ದರು. ನಟಕನ ಹೆಸರು ಹೇಳಿದಾಗ ಮಗಳು ಕೇಳಿದಳು: "ಮಾಡಿಸಿದವಳ ಹೆಸರೂ ಇದೆ, ಮಾಡಿದವನ ಹೆಸರೂ ಇದೆ, ಮಂಚ ಮಾಡಿದವನ ಹೆಸರು ಎಲ್ಲಿ?" ಸೋಂದೆಯವರೇ, ಇದಕ್ಕೆ ಉತ್ತರ ನೀವು ಕೊಡಬೇಕು. ಕಂಬದಲ್ಲಿ ಎಲ್ಲರೂ ಮುಖ ನೋಡಿಕೊಂಡೆವು. ಅಪ್ಪ ಮಾತ್ರ "ನನ್ನದು ಸಾಕಷ್ಟು ನೋಡಿದ್ದೇನೆ" ಎಂದರು. ಮಂಟಪದಲ್ಲಿ ಕೂತಾಗ, ಅಲ್ಲಮ ಮಧುಕೇಶ್ವರನ ಮುಂದೆ ಮದ್ದಳೆ ಬಾರಿಸಿದ ಕತೆಯನ್ನು ಮೊಮ್ಮಗಳಿಗೆ ಹೇಳಿದರು. ಪಕ್ಕದಲ್ಲಿ ಕೂತಿದ್ದ ಬೇರೆ ಊರಿನ ಎರಡು ಸಂಸಾರಗಳೂ ಹತ್ತಿರ ಸರಿದು ಕೇಳಿದವು. ನಿವೃತ್ತಿಯ ಮೇಲೆ ಅಪ್ಪನಿಗೆ ಒಂದು ತರಗತಿ ಸಿಕ್ಕಿದ್ದು ಇದೇ ಮೊದಲು.

ಗುಡ್ನಾಪುರ ಆಗಲಿಲ್ಲ. ಆಲೆಮನೆ ಆಯಿತು, ಕಬ್ಬಿನ ಹಾಲು ಒಬ್ಬೊಬ್ಬರು ಎಷ್ಟು ಲೋಟ ಎನ್ನುವುದು ಬೇಡ. ಮಿರ್ಜಾನಕ್ಕೆ ಬರುವಷ್ಟರಲ್ಲಿ ಕತ್ತಲಾಗಿತ್ತು, ಬಾಗಿಲು ಹಾಕಿದ್ದರು.

ಬನವಾಸಿಯ ಅಕ್ಕನವರೇ, ನಿಮ್ಮ ಮನೆ ಹುಡುಕಬೇಕೆಂದಿದ್ದೆ, ಹೊತ್ತಾಗಿ ಬಿಟ್ಟಿತು, ಕ್ಷಮಿಸಿ. ಇನ್ನೊಂದು ತಾಪತ್ರಯ. ಅಪ್ಪನ ಕೋಲು ಕಳೆದಿದೆ. ಬಿದಿರಿನದು, ಹಿಡಿಗೆ ಹಿತ್ತಾಳೆಯ ಕಟ್ಟು. ದೇವಸ್ಥಾನದಿಂದ ಗಾಡಿಯವರೆಗೆ ಮೊಮ್ಮಗಳ ಹೆಗಲು ಹಿಡಿದು ಮಾತಾಡುತ್ತ ನಡೆದು ಬಂದದ್ದರಿಂದ ಯಾರಿಗೂ ನೆನಪಾಗಲಿಲ್ಲ. ದೇವಿಮನೆ ಘಟ್ಟ ಇಳಿಯುವಾಗ ಗೊತ್ತಾಯಿತು.

ತಿರುವಿನ ಚಹಾ (ಕುಮಟಾ)

ಒಟ್ಟು ಎಷ್ಟು ಗಂಟೆ ಇದ್ದಿರಿ?

ಕಾಳಿ ದಂಡೆ (ಕಾರವಾರ)

ಐದೂವರೆ.

ತಿರುವಿನ ಚಹಾ (ಕುಮಟಾ)

ಮುಂದಿನ ವಾರ ನಾನೂ ಒಮ್ಮೆ ಹೋಗಿ ಬರುತ್ತೇನೆ. ನದಿಯ ಕಡೆಯಿಂದ.

ವರದೆಯ ಬದಿ (ಬನವಾಸಿ)

ಹಿತ್ತಾಳೆ ಕಟ್ಟಿನ ಕೋಲು ನಮ್ಮ ಜಗುಲಿಯಲ್ಲಿದೆ. ಸಂಜೆ ಎಮ್ಮೆ ಹೊಡೆದುಕೊಂಡು ಬರಲು ಹೋದ ಹುಡುಗನಿಗೆ ದಿಬ್ಬದ ಮೇಲೆ, ಆ ಇಟ್ಟಿಗೆ ಕಾಣುವ ಜಾಗದಲ್ಲಿ, ಮರಕ್ಕೆ ಒರಗಿಸಿಟ್ಟದ್ದು ಸಿಕ್ಕಿತಂತೆ. ಅಪ್ಪನವರು ದಿಬ್ಬ ಹತ್ತುವುದು ಬೇಡ ಎಂದು ನಾನು ಬರೆದಿದ್ದೆನಲ್ಲ?

ಕಾಳಿ ದಂಡೆ (ಕಾರವಾರ)

ನಾನು ಗಾಡಿಯಿಂದ ನೀರಿನ ಬಾಟಲಿ ತರಲು ಹೋಗಿ ಹತ್ತು ನಿಮಿಷ ತಡವಾಯಿತು. ಅಷ್ಟರಲ್ಲಿ ಹತ್ತಿರಬೇಕು. ಈಗ ಕೇಳಿದರೆ ನಿದ್ದೆ ಬಂದವರಂತೆ ಮಲಗಿದ್ದಾರೆ.

ಘಟ್ಟದ ಗಾಡಿ (ಶಿರಸಿ)

ಗುರುವಾರ ನನಗೆ ಕಾರವಾರಕ್ಕೆ ಬಾಡಿಗೆ ಇದೆ. ಅಕ್ಕನವರೇ, ಕೋಲನ್ನು ಬುಧವಾರದ ಬಸ್ಸಿಗೆ ಕೊಟ್ಟು ಶಿರಸಿಗೆ ಕಳಿಸಿ, ನಾನು ತಲುಪಿಸುತ್ತೇನೆ. ಜೊತೆಗೆ ಅನಾನಸ್ ಇಟ್ಟರೂ ಅಡ್ಡಿಯಿಲ್ಲ.